ಶಾಸಕರಿಗೆ ಕಳಿಸುವ ಪತ್ರಿಕಾ ತುಣುಕುಗಳ ಕಟ್ಟು ಯಾರೂ ತೆರೆಯುವುದಿಲ್ಲ, ಬದಲಿಗೆ ಏನು ಕೊಡಬೇಕು?

ಹಾಳೆಮರ:

ಎಲ್ಲರಿಗೂ ನಮಸ್ಕಾರ. ಶಾಸಕಾಂಗದ ಗ್ರಂಥಾಲಯ, ಸಂಶೋಧನಾ ವಿಭಾಗ, ಪರಾಮರ್ಶನ ಸೇವೆಗಳ ಒಳಹೊರಗು ಬಲ್ಲವರು ದಯವಿಟ್ಟು ಉತ್ತರಿಸಿ.

ಕರ್ನಾಟಕದ ವಿಧಾನಸಭೆಯಲ್ಲಿ 224, ಪರಿಷತ್ತಿನಲ್ಲಿ 75, ಒಟ್ಟು 299 ಸದಸ್ಯರು. ಇಷ್ಟು ಜನಕ್ಕೆ ಪ್ರಚಲಿತ ವಿಷಯಗಳ ಮಾಹಿತಿ ಒದಗಿಸಲು ಐದು ಜನರ ಒಂದು ವಿಭಾಗ ಇದೆ ಅಂತಿಟ್ಟುಕೊಳ್ಳಿ. ರೂಢಿಯಲ್ಲಿರುವ ಕ್ರಮ ಗೊತ್ತೇ ಇದೆ: ಬೆಳಿಗ್ಗೆ ಪತ್ರಿಕೆಗಳನ್ನು ಕತ್ತರಿಸು, ಅಂಟಿಸು, ಸ್ಕ್ಯಾನ್ ಮಾಡು, ನಲವತ್ತು ಪುಟದ ಪಿಡಿಎಫ್ ಮಾಡಿ ವಾಟ್ಸಾಪ್‌ಗೆ ಹಾಕು. ಅದನ್ನು ಯಾರೂ ತೆರೆಯುವುದಿಲ್ಲ. ಇದರ ಬದಲು ಏನು ಕೊಡಬೇಕು, ವಿಷಯ ಹೇಗೆ ಆರಿಸಬೇಕು, ಅಧಿವೇಶನ ನಡೆಯುವಾಗ "ಹತ್ತು ನಿಮಿಷದಲ್ಲಿ ಬೇಕು" ಅನ್ನುವ ಕೋರಿಕೆಗಳನ್ನು ಹೇಗೆ ನಿಭಾಯಿಸಬೇಕು? "ಸೇವಾ ಮನೋಭಾವ ಇರಬೇಕು" ಅನ್ನುವ ಥರದ ಉತ್ತರ ಬೇಡ, ಕೆಲಸದ ಕ್ರಮ ಬೇಕು.

ರಾಜ್ಯಪತ್ರ:

ಸರ್, ಮೊದಲು ಪತ್ರಿಕೆಯನ್ನು ಪಕ್ಕಕ್ಕಿಡಿ. ಶಾಸಕರು ಅದನ್ನು ನಿಮಗಿಂತ ಮುಂಚೆ ಓದಿರುತ್ತಾರೆ. ಕ್ಷೇತ್ರದ ಸುದ್ದಿಯಂತೂ ಹಿಂದಿನ ರಾತ್ರಿಯೇ ಫೋನಿಗೆ ಬಂದಿರುತ್ತದೆ. ಅವರಿಗೆ ಸಿಗದೇ ಇರುವುದು ಸುದ್ದಿಯ ಹಿಂದಿನ ಕಾಗದ: ಯಾವ ಕಲಂ, ಯಾವ ಆದೇಶ, ಯಾವ ಲೆಕ್ಕಶೀರ್ಷಿಕೆ (ಆಯವ್ಯಯದಲ್ಲಿ ಆ ಖರ್ಚು ಬೀಳುವ ಬಾಬ್ತು), ಪಕ್ಕದ ರಾಜ್ಯ ಏನು ಮಾಡಿದೆ. ಗ್ರಂಥಾಲಯ ಕೊಡಬೇಕಾದ್ದು ಅದನ್ನು.

ವಿಷಯವನ್ನು ಸುದ್ದಿಯಿಂದ ಆರಿಸಬೇಡಿ, ಸದನಕ್ಕೆ ಏನು ಬರಲಿದೆ ಅನ್ನುವುದರಿಂದ ಆರಿಸಿ. ಅದರಲ್ಲಿ ಬಹುಪಾಲು ಮುಂಚೆಯೇ ಗೊತ್ತಾಗುತ್ತದೆ. ಎಲ್ಲಕ್ಕಿಂತ ಖಚಿತವಾದ ಸುಳಿವು ಸುಗ್ರೀವಾಜ್ಞೆ. ಸಂವಿಧಾನದ 213ನೇ ಅನುಚ್ಛೇದದ ಪ್ರಕಾರ ಅದನ್ನು ಸದನದ ಮುಂದಿಡಬೇಕು, ಸದನ ಮತ್ತೆ ಸೇರಿ ಆರು ವಾರ ಕಳೆದರೆ ಅದು ತಾನಾಗಿ ಬಿದ್ದುಹೋಗುತ್ತದೆ. ಅಂದರೆ ರಾಜ್ಯಪತ್ರದಲ್ಲಿ (ಸರ್ಕಾರಿ ಗೆಜೆಟ್) ಸುಗ್ರೀವಾಜ್ಞೆ ಕಂಡ ದಿನವೇ ಮುಂದಿನ ಅಧಿವೇಶನದ ಒಂದು ವಿಧೇಯಕ ನಿಮ್ಮ ಕೈಯಲ್ಲಿದೆ. ಗಿಗ್ ಕಾರ್ಮಿಕರ (ಆ್ಯಪ್ ಕಂಪನಿಗಳಿಗೆ ಡೆಲಿವರಿ, ಟ್ಯಾಕ್ಸಿ ಕೆಲಸ ಮಾಡುವವರ) ವಿಷಯದಲ್ಲಿ 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಹೊರಟಿತು. ವಿಧೇಯಕ ಬರುವವರೆಗೆ ಟಿಪ್ಪಣಿ ಸಿದ್ಧಪಡಿಸಲು ವಾರಗಟ್ಟಲೆ ಸಮಯ ಇತ್ತು. ವಿಧೇಯಕದ ಪ್ರತಿ ಮೇಜಿನ ಮೇಲೆ ಬಂದಮೇಲೆ ಬರೆಯಲು ಕೂತರೆ ಒಂದು ರಾತ್ರಿಯೂ ಸಿಗುವುದಿಲ್ಲ.

ಉಳಿದ ಮೂಲಗಳು: ವರ್ಷದ ಮೊದಲ ಅಧಿವೇಶನದ ರಾಜ್ಯಪಾಲರ ಭಾಷಣ, ಆಯವ್ಯಯ ಭಾಷಣದ ಘೋಷಣೆಗಳು, ಪರಿಶೀಲನಾ ಸಮಿತಿಯ ಮುಂದಿರುವ ವಿಧೇಯಕಗಳು, ಸಿಎಜಿ ವರದಿಗಳು, ರಾಜ್ಯವು ನಿಯಮ ರೂಪಿಸಬೇಕಾದ ಕೇಂದ್ರ ಕಾನೂನುಗಳು. ಇವನ್ನೆಲ್ಲ ಒಂದು ಎಕ್ಸೆಲ್ ಹಾಳೆಯಲ್ಲಿ ಸಾಲಾಗಿ ಹಾಕಿ, ಎದುರಿಗೆ "ಸದನಕ್ಕೆ ಬರಬಹುದಾದ ತಿಂಗಳು" ಅಂತ ಒಂದು ಕಾಲಂ ಇಡಿ. ವಾರಕ್ಕೊಮ್ಮೆ ಐದು ಜನ ಕೂತು ನೋಡಿದರೆ ಸಾಕು.

ಇನ್ನು ಟಿಪ್ಪಣಿ. ಎರಡು ಪುಟ ಅಂದರೆ ಎರಡೇ ಪುಟ. ಎ4 ಹಾಳೆ, 14 ಪಾಯಿಂಟ್ ಅಕ್ಷರ, ಯಾಕೆಂದರೆ ಅದನ್ನು ಕಾರಿನಲ್ಲಿ, ಫೋನಿನಲ್ಲಿ ಓದುತ್ತಾರೆ. ಮೊದಲ ಐದು ಸಾಲಿನಲ್ಲಿ ಸದನದ ಮುಂದಿರುವುದೇನು, ಅದರಿಂದ ಬದಲಾಗುವುದೇನು ಎರಡೂ ಮುಗಿಯಬೇಕು. ವಿಷಯದ ಇತಿಹಾಸದಿಂದ ಶುರು ಮಾಡುವುದು ನಮ್ಮ ಹಳೆಯ ಚಾಳಿ, ಅದನ್ನು ಎರಡನೇ ಪುಟದ ಕೊನೆಗೆ ತಳ್ಳಿ. ನಡುವೆ ಈಗಿರುವ ಕಾನೂನು, ವಿಧೇಯಕದ ಖಂಡಗಳು ಸಂಖ್ಯೆಯ ಸಮೇತ, ಖರ್ಚು, ಬೇರೆ ರಾಜ್ಯಗಳು, ಪರ ಮತ್ತು ವಿರೋಧದ ವಾದಗಳು. ಖರ್ಚಿನ ಮಾಹಿತಿಗೆ ವಿಧೇಯಕಕ್ಕೆ ಲಗತ್ತಿಸಿದ ಆರ್ಥಿಕ ಜ್ಞಾಪನ ಪತ್ರ ನೋಡಿ. ಅಲ್ಲಿ "ಹೆಚ್ಚುವರಿ ವೆಚ್ಚವಿಲ್ಲ" ಎಂದಿದ್ದು, ಖಂಡಗಳಲ್ಲಿ ಹೊಸ ಮಂಡಳಿಯೋ ಪ್ರಾಧಿಕಾರವೋ ಇದ್ದರೆ ಅವೆರಡನ್ನೂ ಅಕ್ಕಪಕ್ಕ ಬರೆಯಿರಿ, ನಿಮ್ಮ ಮಾತು ಸೇರಿಸಬೇಡಿ. ಪ್ರತ್ಯಾಯೋಜಿತ ಶಾಸನದ ಜ್ಞಾಪನ ಪತ್ರವನ್ನು ಬಿಡಬೇಡಿ. ಎಷ್ಟನ್ನು "ನಿಯಮಿಸಬಹುದಾದಂತೆ" ಅಂತ ಸರ್ಕಾರದ ಕೈಗೆ ಬಿಟ್ಟಿದ್ದಾರೆ ಎನ್ನುವುದು ಅಲ್ಲಿ ಸಿಗುತ್ತದೆ.

ಬೇರೆ ರಾಜ್ಯಗಳ ಹೋಲಿಕೆಯಲ್ಲಿ ಎಡವುವ ಜಾಗ ಒಂದಿದೆ. ಗಿಗ್ ಕಾನೂನಿನದೇ ಉದಾಹರಣೆ. ಕರ್ನಾಟಕದಲ್ಲಿ ಕಂಪನಿ ಕಟ್ಟುವ ಕಲ್ಯಾಣ ಶುಲ್ಕ ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಪಾವತಿಸುವ ಮೊತ್ತದ ಶೇ 1ರಿಂದ 5. ಕೇಂದ್ರದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಕಂಪನಿಯ ವಾರ್ಷಿಕ ವಹಿವಾಟಿನ ಶೇ 1ರಿಂದ 2, ಆದರೆ ಕಾರ್ಮಿಕರಿಗೆ ಕೊಡುವ ಮೊತ್ತದ ಶೇ 5 ಮೀರುವಂತಿಲ್ಲ. ರಾಜಸ್ಥಾನದ 2023ರ ಕಾನೂನು ಪ್ರತಿ ವಹಿವಾಟಿನ ಮೌಲ್ಯದ ಮೇಲೆ ಲೆಕ್ಕ ಹಾಕುತ್ತದೆ. ಮೂರನ್ನೂ ಒಂದೇ ಕಾಲಂನಲ್ಲಿ ಶೇಕಡಾ ಅಂತ ಬರೆದರೆ ಹೋಲಿಕೆ ಸುಳ್ಳಾಗುತ್ತದೆ. ಗ್ರಾಹಕ ಕೊಟ್ಟದ್ದು 500 ರೂಪಾಯಿ, ತಲುಪಿಸಿದವನಿಗೆ ಸಿಕ್ಕಿದ್ದು 40 ರೂಪಾಯಿ ಅಂತಿಟ್ಟುಕೊಳ್ಳಿ. 500ರ ಮೇಲೆ ಶೇ 1 ಅಂದರೆ 5 ರೂಪಾಯಿ, 40ರ ಮೇಲೆ ಶೇ 1 ಅಂದರೆ 40 ಪೈಸೆ. ಹಾಗಾಗಿ "ಎಷ್ಟು" ಅನ್ನುವ ಕಾಲಂ ಪಕ್ಕದಲ್ಲಿ "ಯಾವುದರ ಮೇಲೆ" ಅನ್ನುವ ಕಾಲಂ ಇರಲೇಬೇಕು.

ಹಾಳೆಮರ:

ತುಂಬಾ ಉಪಯೋಗವಾಯಿತು. ಹೊಸ ಕಾನೂನಾದರೆ ಸರಿ, ಆದರೆ ಬರುವುದರಲ್ಲಿ ಹೆಚ್ಚಿನವು ತಿದ್ದುಪಡಿ ವಿಧೇಯಕಗಳು. "(2)ನೇ ಉಪಪ್ರಕರಣದಲ್ಲಿ ಇಂಥ ಪದಗಳ ಬದಲಿಗೆ ಇಂಥ ಪದಗಳನ್ನು ಪ್ರತಿಷ್ಠಾಪಿಸತಕ್ಕದ್ದು" ಅಂತಿರುತ್ತದೆ. ಅದನ್ನು ಓದಿ ಯಾರಿಗೆ ಏನು ಅರ್ಥವಾಗಬೇಕು?

ನೀಲಿಶಾಯಿ:

ಮೂರು ಕಾಲಂ ಮಾಡಿ. ಎಡಕ್ಕೆ ಈಗಿರುವ ಪಠ್ಯ, ನಡುವೆ ತಿದ್ದುಪಡಿ ಸೇರಿಸಿದ ಮೇಲಿನ ಪೂರ್ತಿ ಪಠ್ಯ (ತೆಗೆದದ್ದಕ್ಕೆ ಅಡ್ಡಗೆರೆ, ಸೇರಿಸಿದ್ದಕ್ಕೆ ಅಡಿಗೆರೆ), ಬಲಕ್ಕೆ ಅದರ ಪರಿಣಾಮ ಒಂದೇ ವಾಕ್ಯದಲ್ಲಿ. ಬಲಗಡೆಯ ಕಾಲಂ ಬರೆಯುವುದೇ ಕಷ್ಟ. ಅದನ್ನು ಒಬ್ಬರು ಬರೆದು, ಮೂಲ ನೋಡದ ಇನ್ನೊಬ್ಬರು ಓದಿ, ಅರ್ಥವಾದದ್ದನ್ನು ಬಾಯಲ್ಲಿ ಹೇಳಬೇಕು. ಹೇಳಿದ್ದು ಬೇರೆಯಾದರೆ ಮತ್ತೆ ಬರೆಯಿರಿ.

ತಪ್ಪು ನುಸುಳುವುದು ಎಡಗಡೆಯ ಕಾಲಂನಿಂದ. ಕಪಾಟಿನಲ್ಲಿರುವ ಪುಸ್ತಕವೋ ಜಾಲತಾಣದ ಪ್ರತಿಯೋ ಹಿಂದಿನ ತಿದ್ದುಪಡಿಗಳನ್ನು ಸೇರಿಸಿಕೊಂಡಿರುವುದಿಲ್ಲ. ಭೂ ಸುಧಾರಣೆ ಅಧಿನಿಯಮ 1961ರ 79ಎ ಮತ್ತು 79ಬಿ ಕಲಂಗಳನ್ನು 2020ರ ತಿದ್ದುಪಡಿಯಲ್ಲಿ ತೆಗೆದುಹಾಕಲಾಗಿದೆ. ಹಳೆಯ ಪ್ರತಿ ಹಿಡಿದು ಟಿಪ್ಪಣಿ ಮಾಡಿದರೆ, ಕೃಷಿಕರಲ್ಲದವರು ಜಮೀನು ಕೊಳ್ಳಲು 79ಬಿ ಅಡ್ಡ ಬರುತ್ತದೆ ಅಂತ ಶಾಸಕರು ಸದನದಲ್ಲಿ ಹೇಳುತ್ತಾರೆ, ಮಂತ್ರಿಗಳು ಎದ್ದು "ಆ ಕಲಮೇ ಇಲ್ಲವಲ್ಲ" ಅನ್ನುತ್ತಾರೆ. ಆಮೇಲೆ ಆ ಶಾಸಕರು ನಿಮ್ಮ ಗ್ರಂಥಾಲಯದ ಕಡೆ ತಲೆ ಹಾಕುವುದಿಲ್ಲ, ಮತ್ತು ಅವರದು ತಪ್ಪೂ ಅಲ್ಲ.

ಪರಿಹಾರ ಬೇಸರದ್ದು, ಆದರೆ ಬೇರೆ ದಾರಿಯಿಲ್ಲ. ಹೆಚ್ಚು ಬಳಕೆಯಾಗುವ ಮೂವತ್ತು ನಲವತ್ತು ಅಧಿನಿಯಮಗಳಿಗೆ (ಭೂ ಕಂದಾಯ, ಗ್ರಾಮ ಸ್ವರಾಜ್, ಪೌರಾಡಳಿತ, ಎಪಿಎಂಸಿ, ಶಿಕ್ಷಣ) ಒಂದೊಂದು ಹಾಳೆ ಇಡಿ. ಮೂಲ ಅಧಿನಿಯಮದ ಸಂಖ್ಯೆ, ಆಮೇಲಿನ ಪ್ರತಿ ತಿದ್ದುಪಡಿಯ ಸಂಖ್ಯೆ ಮತ್ತು ವರ್ಷ, ರಾಜ್ಯಪತ್ರದ ದಿನಾಂಕ, ಜಾರಿಗೆ ಬಂದ ದಿನಾಂಕ. ಕೊನೆಯ ಎರಡು ಒಂದೇ ಅಲ್ಲ. ಎಷ್ಟೋ ಕಾನೂನುಗಳು ಪ್ರಕಟವಾಗಿ, ಅಧಿಸೂಚನೆ ಹೊರಡುವವರೆಗೆ ಜಾರಿಯಾಗದೆ ಕೂತಿರುತ್ತವೆ.

ಅಂಕಿಸಾಲು:

ಅಂಕಿಅಂಶದ ಬಗ್ಗೆ ಯಾರೂ ಹೇಳಲಿಲ್ಲ, ಟಿಪ್ಪಣಿ ಮುಗ್ಗರಿಸುವುದು ಹೆಚ್ಚಾಗಿ ಅಲ್ಲೇ.

ಆಯವ್ಯಯ ದಾಖಲೆಯಲ್ಲಿ ಒಂದೇ ಬಾಬ್ತಿಗೆ ನಾಲ್ಕು ಅಂಕಿ ಇರುತ್ತವೆ: ಎರಡು ವರ್ಷ ಹಿಂದಿನ ಲೆಕ್ಕ, ಕಳೆದ ವರ್ಷದ ಅಂದಾಜು ಮತ್ತು ಪರಿಷ್ಕೃತ ಅಂದಾಜು, ಈ ವರ್ಷದ ಅಂದಾಜು. ಈ ವರ್ಷದ ಅಂದಾಜನ್ನು ಕಳೆದ ವರ್ಷದ ಪರಿಷ್ಕೃತದ ಜೊತೆ ಹೋಲಿಸಿದರೆ ಏರಿಕೆ ಒಂದು ಥರ, ಕಳೆದ ವರ್ಷದ ಅಂದಾಜಿನ ಜೊತೆ ಹೋಲಿಸಿದರೆ ಇನ್ನೊಂದು ಥರ. ಆಡಳಿತ ಪಕ್ಷದವರಿಗೆ ಒಂದು, ವಿರೋಧ ಪಕ್ಷದವರಿಗೆ ಒಂದು ಬೇಕಾಗುತ್ತದೆ. ಗ್ರಂಥಾಲಯ ಎರಡನ್ನೂ ಕೊಡಬೇಕು, ಯಾವುದು ಯಾವುದೆಂದು ಹೆಸರು ಹಾಕಿ ಕೊಡಬೇಕು. ಎಲ್ಲ ಮೊತ್ತ ಕೋಟಿಯಲ್ಲೇ ಇರಲಿ. ಸಂಪುಟಗಳಲ್ಲಿ ಲಕ್ಷದಲ್ಲಿರುತ್ತದೆ, ನಕಲು ಮಾಡುವಾಗ ದಶಮಾಂಶದ ಚುಕ್ಕಿ ಜಾರಿದರೆ ನೂರು ಪಟ್ಟು ವ್ಯತ್ಯಾಸ.

ಲೆಕ್ಕಶೀರ್ಷಿಕೆ ಹುಡುಕುವುದೂ ಕಲಿಯಬೇಕಾದ ಕೆಲಸ. ಪ್ರಧಾನ ಶೀರ್ಷಿಕೆಯ ನಾಲ್ಕು ಅಂಕಿಯಲ್ಲಿ ಮೊದಲನೆಯದು 2 ಅಥವಾ 3 ಆದರೆ ರಾಜಸ್ವ ವೆಚ್ಚ, 4 ಅಥವಾ 5 ಆದರೆ ಬಂಡವಾಳ ವೆಚ್ಚ, 6 ಅಥವಾ 7 ಆದರೆ ಸಾಲ. ನೀರು ಸರಬರಾಜಿಗೆ ಎಷ್ಟು ಅಂತ ಕೇಳಿದರೆ 2215 ಮಾತ್ರ ನೋಡಿ ಉತ್ತರಿಸುವುದು ಸಾಮಾನ್ಯ ತಪ್ಪು. ಕಾಮಗಾರಿ 4215ರಲ್ಲಿ ಇರುತ್ತದೆ, ಸಾಲವಾಗಿ ಕೊಟ್ಟದ್ದು 6215ರಲ್ಲಿ. ಮೂರೂ ಸೇರಿದರೆ ಮಾತ್ರ ಉತ್ತರ.

ಇನ್ನೊಂದು ತೊಡಕು ಕ್ಷೇತ್ರ. ಶಾಸಕರು ಕೇಳುವುದು ತಮ್ಮ ವಿಧಾನಸಭಾ ಕ್ಷೇತ್ರದ ಅಂಕಿ, ಇಲಾಖೆಗಳು ಇಟ್ಟಿರುವುದು ತಾಲ್ಲೂಕಿನದು, ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಸಿಗುವುದು ಜಿಲ್ಲೆಯದು. 2011ರ ಜನಗಣತಿ ನಡೆದದ್ದು 176 ತಾಲ್ಲೂಕುಗಳ ಲೆಕ್ಕದಲ್ಲಿ. ಆಮೇಲೆ ಎಷ್ಟೋ ಹೊಸ ತಾಲ್ಲೂಕುಗಳಾದವು. ಬೆಂಗಳೂರಿನದು ಇನ್ನೂ ಗೋಜಲು: ಜನಗಣತಿಯ ವಾರ್ಡುಗಳು 198, ಆಮೇಲೆ ವಾರ್ಡಿನ ಗಡಿಗಳು ಬದಲಾದವು. 2025ರಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮ ಜಾರಿಯಾಗಿ ಪಾಲಿಕೆಯೇ ಐದಾಯಿತು. ಹಳೆಯ ವಾರ್ಡಿನ ಅಂಕಿಯನ್ನು ಹೊಸ ವಾರ್ಡಿನ ಹೆಸರಿಗೆ ಅಂಟಿಸಬೇಡಿ, ಹೆಸರು ಒಂದೇ ಇದ್ದರೂ ಬೀದಿಗಳು ಬೇರೆ. ಗ್ರಾಮಾಂತರದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಿಂದ ಕೂಡಿಸಿಕೊಂಡು ಹೋಗಿ. ಯಾವ ಪಂಚಾಯಿತಿ ಯಾವ ಕ್ಷೇತ್ರಕ್ಕೆ ಸೇರಿದೆ ಅನ್ನುವ ಪಟ್ಟಿಯನ್ನು ಒಮ್ಮೆ ಕಷ್ಟಪಟ್ಟು ಮಾಡಿಟ್ಟರೆ ಶಾಲೆ, ಅಂಗನವಾಡಿ, ಕೊಳವೆಬಾವಿ ಎಲ್ಲಕ್ಕೂ ಅದೇ ಸಾಕು. ಕೂಡಿಸಲು ಬಾರದ್ದನ್ನು "ಜಿಲ್ಲೆಯ ಅಂಕಿ, ಕ್ಷೇತ್ರದ್ದಲ್ಲ" ಅಂತ ಅಂಕಿಯ ಪಕ್ಕದಲ್ಲೇ ಬರೆಯಿರಿ. ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದದ್ದು ಭಾಷಣಕ್ಕೆ ಹೋಗುವುದಿಲ್ಲ.

ಪಡಸಾಲೆ:

ಹತ್ತು ನಿಮಿಷದ ಕೋರಿಕೆಗಳ ಬಗ್ಗೆ ನಾನು ಹೇಳುತ್ತೇನೆ.

ಬರುವ ಕೋರಿಕೆ ಹೀಗಿರುತ್ತದೆ: "ಕಾವೇರಿ ಬಗ್ಗೆ ಏನಿದೆಯೋ ಎಲ್ಲಾ ಕೊಡಿ." ಎಲ್ಲಾ ಕೊಟ್ಟರೆ ಏನೂ ಕೊಟ್ಟಂತಾಗುವುದಿಲ್ಲ. ಮರುಪ್ರಶ್ನೆ ಕೇಳಲೇಬೇಕು, ಅದೂ ಆಪ್ತ ಸಹಾಯಕರನ್ನು. "ಸರ್, ಇದು ಚುಕ್ಕೆ ಗುರುತಿನ ಪ್ರಶ್ನೆಯ ಉಪಪ್ರಶ್ನೆಗೋ, ಗಮನ ಸೆಳೆಯುವ ಸೂಚನೆಗೋ, 69ರ ಚರ್ಚೆಗೋ? ಸಾಹೇಬರು ಎಷ್ಟು ಹೊತ್ತಿಗೆ ಮಾತಾಡುತ್ತಾರೆ?" ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿಯಿತು. ಉಪಪ್ರಶ್ನೆಗೆ (ಮಂತ್ರಿ ಸದನದಲ್ಲಿ ಬಾಯಲ್ಲೇ ಉತ್ತರಿಸುವಾಗ ಕೇಳುವ ಮರುಪ್ರಶ್ನೆ) ಒಂದು ಅಂಕಿ, ಒಂದು ದಿನಾಂಕ ಸಾಕು. ವಿಧಾನಸಭೆಯ ನಿಯಮ 69ರ ಅಡಿಯ (ತುರ್ತು ಸಾರ್ವಜನಿಕ ವಿಷಯದ) ಚರ್ಚೆಗೆ ಎರಡು ಪುಟ ಬೇಕು. ನಿಯಮ 60ರ ನಿಲುವಳಿ ಸೂಚನೆಯಾದರೆ ವಿಷಯ ಇತ್ತೀಚಿನದು, ತುರ್ತಿನದು ಅನ್ನುವುದಕ್ಕೆ ದಾಖಲೆ ಬೇಕು, ಇತಿಹಾಸ ಅಲ್ಲ.

ಕಾವೇರಿಯನ್ನೇ ಹಿಡಿದು ನೋಡಿ. ನ್ಯಾಯಮಂಡಳಿಯ 2007ರ ತೀರ್ಪಿನಲ್ಲಿ ಕರ್ನಾಟಕಕ್ಕೆ 270 ಟಿಎಂಸಿ, ತಮಿಳುನಾಡಿಗೆ ಬಿಡಬೇಕಾದ್ದು 192. ಸುಪ್ರೀಂ ಕೋರ್ಟ್ 2018ರ ಫೆಬ್ರುವರಿ 16ರಂದು ಇವನ್ನು 284.75 ಮತ್ತು 177.25 ಮಾಡಿತು. ಹೆಚ್ಚುವರಿ ಸಿಕ್ಕ 14.75ರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಹಳೆಯ ಕಡತದಿಂದ 192 ಎತ್ತಿಕೊಡುವುದು ಮೊದಲ ತಪ್ಪು.

ಎರಡನೆಯದು ಇನ್ನೂ ಸೂಕ್ಷ್ಮ. ಕಾವೇರಿ ಐದನೇ ಹಂತ ದಿನಕ್ಕೆ 77.5 ಕೋಟಿ ಲೀಟರ್ ಯೋಜನೆ. ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 10 ಟಿಎಂಸಿ. "ಕೋರ್ಟ್ ಕೊಟ್ಟದ್ದು 4.75, ನೀವು 10 ಎತ್ತುವುದು ಹೇಗೆ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರ ಲೆಕ್ಕದ ಪದ್ಧತಿಯಲ್ಲಿದೆ: ಕುಡಿಯುವ ನೀರಿಗಾಗಿ ಎತ್ತಿದ್ದರಲ್ಲಿ ಶೇ 20ನ್ನು ಮಾತ್ರ ನಿಜವಾದ ಬಳಕೆ ಎಂದು ನ್ಯಾಯಮಂಡಳಿ ಎಣಿಸಿದೆ, ಉಳಿದದ್ದು ಮರಳಿ ಹರಿಯುತ್ತದೆ ಎಂಬ ಎಣಿಕೆ. ಆ ಲೆಕ್ಕದಲ್ಲಿ 4.75 ಟಿಎಂಸಿ ಬಳಕೆ ಅಂದರೆ ಎತ್ತಬಹುದಾದದ್ದು ಸುಮಾರು 24. ಪತ್ರಿಕಾ ತುಣುಕಿನಲ್ಲಿ ಈ ಒಂದು ಸಾಲು ಸಿಗುವುದು ಅಪರೂಪ, ತೀರ್ಪು ತೆರೆದು ನೋಡಿದವರು ಮಾತ್ರ ಕೊಡಬಲ್ಲರು. ಇಂಥ ಹದಿನೈದು ಇಪ್ಪತ್ತು ವಿಷಯಗಳಿಗೆ (ಕೃಷ್ಣಾ, ಮಹದಾಯಿ, ಜಿಎಸ್‌ಟಿ ಪಾಲು, ಮೀಸಲಾತಿ ಪ್ರಮಾಣ, ಬೆಳೆವಿಮೆ) ಒಂದೊಂದು ಪುಟದ "ಅಂಕಿ ಹಾಳೆ" ಸದಾ ಸಿದ್ಧವಿರಲಿ. ತಿಂಗಳಿಗೊಮ್ಮೆ ದಿನಾಂಕ ಹೊಸದು ಮಾಡಿ. ಹತ್ತು ನಿಮಿಷದ ಕೋರಿಕೆಗಳಲ್ಲಿ ಹೆಚ್ಚಿನವನ್ನು ಅಲ್ಲಿಂದಲೇ ತೀರಿಸಬಹುದು.

ಅಧಿವೇಶನದ ದಿನಗಳಲ್ಲಿ ಐವರಲ್ಲಿ ಇಬ್ಬರು ಫೋನಿನ ಮುಂದೆ, ಇಬ್ಬರು ಮರುದಿನದ ಕಾರ್ಯಕಲಾಪ ಪಟ್ಟಿಯ ಮೇಲೆ. ಐದನೆಯವರು ಪರಿಶೀಲನೆಗೆ ಮಾತ್ರ: ಹೊರಗೆ ಹೋಗುವ ಪ್ರತಿ ಅಂಕಿಯನ್ನು ಮೂಲ ದಾಖಲೆಯ ಪುಟದ ಜೊತೆ ತಾಳೆ ನೋಡುವುದು. ಕೆಲಸ ಎಷ್ಟೇ ಹೆಚ್ಚಾಗಲಿ, ಆ ಐದನೆಯವರನ್ನು ಫೋನಿಗೆ ಕೂರಿಸಬೇಡಿ.

ಮರೆತಿದ್ದೆ: ಯಾರು ಏನು ಕೇಳಿದರು ಅನ್ನುವುದು ವಿಭಾಗದಿಂದ ಹೊರಗೆ ಹೋಗಬಾರದು. ಎದುರು ಪಕ್ಷದವರು ಅದೇ ವಿಷಯ ಕೇಳಿದರೆ ಅದೇ ಅಂಕಿಗಳನ್ನು ಕೊಡಿ, ಆದರೆ "ಅವರಿಗೂ ಇದನ್ನೇ ಕೊಟ್ಟೆವು" ಅಂತ ಬಾಯಿ ಬಿಡಬೇಡಿ.

ಅಕ್ಷರಜೋಡಣೆ:

ಕನ್ನಡ ದಾಖಲೆ ಹುಡುಕುವ ಬಗ್ಗೆ ಒಂದೆರಡು ಮಾತು. ಹಳೆಯ ಆದೇಶಗಳೂ ನಡವಳಿಗಳೂ ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿವೆ. ಪರದೆಯ ಮೇಲೆ ಚೆನ್ನಾಗಿ ಕಾಣುತ್ತವೆ, ಹುಡುಕಿದರೆ ಒಂದೂ ಸಿಗುವುದಿಲ್ಲ. ಪರಿವರ್ತಕದಲ್ಲಿ ಹಾಕಿದಾಗ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಲ್ಲಿ ನೋಡಿ ಸರಿಪಡಿಸಬೇಕು. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವೂ ಕನ್ನಡದ ಕಸವಾಗಿ ಬರುತ್ತವೆ. ಕಾಗದದಿಂದಾದರೆ 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ ಟೆಸೆರಾಕ್ಟ್‌ಗೆ ಕೊಡಿ. ಕನ್ನಡ ಅಂಕಿ ಇರುವ ಕೋಷ್ಟಕವನ್ನು ಮಾತ್ರ ನಂಬಬೇಡಿ, ಸೊನ್ನೆ ಮತ್ತು ಅನುಸ್ವಾರ ಎರಡೂ ಅದಕ್ಕೆ ಒಂದೇ.

ವಿಷಯ ಶೀರ್ಷಿಕೆಗಳಿಗೆ ಒಂದೇ ಕಾಗುಣಿತ ನಿಗದಿ ಮಾಡಿ. ತಾಲೂಕು, ತಾಲ್ಲೂಕು, ಪಂಚಾಯತ್, ಪಂಚಾಯತಿ, ಪಂಚಾಯಿತಿ, ಬೋರ್‌ವೆಲ್, ಕೊಳವೆಬಾವಿ. ಒಂದನ್ನು ಇಟ್ಟುಕೊಂಡು ಉಳಿದವುಗಳಿಂದ "ಇದನ್ನು ನೋಡಿ" ಅಂತ ಕೊಂಡಿ ಹಾಕದಿದ್ದರೆ, ಗ್ರಂಥಾಲಯ ತಂತ್ರಾಂಶಗಳಾದ ಕೋಹಾದಲ್ಲಿ ಇಟ್ಟರೂ ಅಷ್ಟೇ, ಇ-ಗ್ರಂಥಾಲಯದಲ್ಲಿ ಇಟ್ಟರೂ ಅಷ್ಟೇ, ಅರ್ಧ ದಾಖಲೆ ಕಣ್ಣಿಗೆ ಬೀಳುವುದಿಲ್ಲ.

ಹಾಳೆಮರ:

ಇನ್ನೊಂದು ಪ್ರಶ್ನೆ. ಟಿಪ್ಪಣಿಯ ಕೊನೆಗೆ "ಹೀಗೆ ಮಾಡುವುದು ಒಳ್ಳೆಯದು" ಅಂತ ಶಿಫಾರಸು ಬರೆದರೆ ಶಾಸಕರಿಗೆ ಅನುಕೂಲ ಅಲ್ಲವೇ? ಎರಡೂ ಕಡೆಯ ವಾದ ಕೊಟ್ಟು ಕೈ ತೊಳೆದುಕೊಂಡಂತೆ ಆಗುವುದಿಲ್ಲವೇ?

ರಾಜ್ಯಪತ್ರ:

ಬೇಡ ಸರ್. ಅಮೆರಿಕದ ಕಾಂಗ್ರೆಸ್ಸಿಗೆ 1914ರಿಂದ ಇಂಥ ಸೇವೆ ಇದೆ, ಅಲ್ಲಿನ ಸಂಶೋಧನಾ ವಿಭಾಗದ ವರದಿಗಳು ಶಿಫಾರಸು ಮಾಡುವುದಿಲ್ಲ. ಒಮ್ಮೆ ಶಿಫಾರಸು ಬರೆದರೆ 299ರಲ್ಲಿ ಅರ್ಧ ಜನಕ್ಕೆ ನೀವು ಎದುರಾಳಿಯಾಗುತ್ತೀರಿ. ಆದರೆ ಕೈ ತೊಳೆದುಕೊಳ್ಳಬೇಕಿಲ್ಲ. "ಈ ಆಯ್ಕೆ ಮಾಡಿದರೆ ಇಂಥ ಖಂಡ ಬದಲಾಗಬೇಕು, ಖರ್ಚು ಈ ಶೀರ್ಷಿಕೆಗೆ ಬೀಳುತ್ತದೆ, ಇಂಥ ರಾಜ್ಯದಲ್ಲಿ ಈ ತೊಡಕು ಬಂದಿತ್ತು" ಅಂತ ಪ್ರತಿ ಆಯ್ಕೆಯ ಪರಿಣಾಮವನ್ನು ಬರೆಯಬಹುದು. ಅದು ಶಿಫಾರಸಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಜೊತೆಗೆ, ಕೋರಿಕೆಯ ಮೇಲೆ ಕೊಟ್ಟದ್ದನ್ನು ಬಿಟ್ಟು ವಿಧೇಯಕಗಳ ಟಿಪ್ಪಣಿಗಳನ್ನು ಜಾಲತಾಣದಲ್ಲಿ ಎಲ್ಲರಿಗೂ ತೆರೆದಿಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಮೆರಿಕದಲ್ಲಿ 2018ರಿಂದ ಹಾಗೆ ಮಾಡುತ್ತಿದ್ದಾರೆ, ಬ್ರಿಟನ್ನಿನ ಕಾಮನ್ಸ್ ಗ್ರಂಥಾಲಯದ ಟಿಪ್ಪಣಿಗಳನ್ನೂ ಯಾರು ಬೇಕಾದರೂ ಓದಬಹುದು. ಹೊರಗಿನವರು ಓದಿದರೆ ತಪ್ಪು ಬೇಗ ಸಿಗುತ್ತದೆ.

ಪಡಸಾಲೆ:

ಅದಕ್ಕೇ ಸೇರಿಸುವುದು: ತಪ್ಪು ಹೋದರೆ ಏನು ಮಾಡಬೇಕು ಅನ್ನುವುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಪ್ರತಿ ಪುಟದ ತಲೆಯಲ್ಲಿ ದಿನಾಂಕ ಮತ್ತು ವೇಳೆ ಇರಲಿ, ಫೈಲಿನ ಹೆಸರಲ್ಲೂ ಇರಲಿ, ಯಾಕೆಂದರೆ ವಾಟ್ಸಾಪ್‌ನಲ್ಲಿ ಹಳೆಯ ಪ್ರತಿ ತಿಂಗಳಾದರೂ ಓಡಾಡುತ್ತಿರುತ್ತದೆ. ತಿದ್ದಿದ ಪ್ರತಿಯ ಮೊದಲ ಸಾಲಿನಲ್ಲೇ "ಇದು ಇಂಥ ದಿನದ ಟಿಪ್ಪಣಿಯ ಬದಲು, ಎರಡನೇ ಪುಟದ ಇಂಥ ಅಂಕಿ ತಪ್ಪಾಗಿತ್ತು, ಸರಿಯಾದದ್ದು ಇದು" ಎಂದು ಬರೆದು, ಮೊದಲು ಯಾರ‍್ಯಾರಿಗೆ ಹೋಗಿತ್ತೋ ಅಷ್ಟೂ ಜನಕ್ಕೆ ಅದೇ ದಿನ ಕಳಿಸಿ. ಆ ಅಂಕಿಯನ್ನು ಸದನದಲ್ಲಿ ಆಗಲೇ ಬಳಸಿದ್ದರೆ ಆಪ್ತ ಸಹಾಯಕರಿಗೆ ಫೋನ್ ಮಾಡಿ ಹೇಳಬೇಕು, ಮೆಸೇಜ್ ಸಾಲದು.

ಬೆಳಗಾವಿಯ ಅಧಿವೇಶನಕ್ಕೆ ಹೊರಡುವಾಗ ಅಂಕಿ ಹಾಳೆಗಳು, ನಲವತ್ತು ಅಧಿನಿಯಮಗಳ ತಿದ್ದಿದ ಪಠ್ಯ, ಐದು ವರ್ಷದ ಆಯವ್ಯಯ ಸಂಪುಟಗಳು, ಹಿಂದಿನ ನಡವಳಿಗಳು ಎಲ್ಲವನ್ನೂ ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿ ನಕಲು ಮಾಡಿಕೊಂಡು ಹೋಗಿ, ಒಂದೊಂದು ಒಬ್ಬೊಬ್ಬರ ಚೀಲದಲ್ಲಿ. ಮೂಲ ಕಡತ ಇರುವುದು 500 ಕಿಲೋಮೀಟರ್ ಆಚೆ ಬೆಂಗಳೂರಿನಲ್ಲಿ. ಹಾಗಾಗಿ ಅಲ್ಲಿ ಒಬ್ಬರು ಕಪಾಟಿನ ಬೀಗದ ಕೈ ಇಟ್ಟುಕೊಂಡು ಕೂತಿರಲೇಬೇಕು.